ಮೊಣಕಾಲೆತ್ತರದ ಗೋಡೆ

ಆ ಬಡಾವಣೆಯಲ್ಲಿ ಮನೆಗಳನ್ನು ಯಾರೂ ಕಟ್ಟುತ್ತಿರಲಿಲ್ಲ. ನೆಲ ತೋರಿಸಿದರೆ ಸಾಕು, ಇರುವವರ ಮನಸ್ಸು ನೆಲೆಯೂರಿದ ಹಾಗೆಲ್ಲ ಗೋಡೆ ತಾನಾಗಿ ಬೆಳೆಯುತ್ತಿತ್ತು. ಅಕ್ಕಪಕ್ಕದವರಿಗೆ ಆಗಲೇ ಸೂರೂ ಬಂದಿತ್ತು. ಹನ್ನೊಂದು ವರ್ಷ ಬಸ್ ನಿಲ್ದಾಣದಲ್ಲಿ ಮಲಗೆದ್ದು ಬಂದ ಚಿಕ್ಕತಾಯಮ್ಮನ ಗೋಡೆ ಮಾತ್ರ ಎಂಟು ತಿಂಗಳಾದರೂ ಮೊಣಕಾಲು ದಾಟಿರಲಿಲ್ಲ. ಈಗಲೂ ಅವಳು ಚಪ್ಪಲಿಯನ್ನು ತಲೆಯಡಿ ಇಟ್ಟುಕೊಂಡೇ ಮಲಗುತ್ತಿದ್ದಳು. ಏಳು ಅಂದರೆ ಎದ್ದು ಹೊರಡಬೇಕಲ್ಲ.

ಆಪ್ತಸಮಾಲೋಚಕಿ ಸಬಿಹಾ ಮಂಗಳವಾರ ಮಂಗಳವಾರ ಬರುವಳು. ಗೋಡೆ ದಾಟಿ ಒಳಗೆ ಬಂದು, ಪಕ್ಕದಲ್ಲಿ ಕೂತು ಕಷ್ಟಸುಖ ಕೇಳುವಳು. ಹೋಗುವಾಗ ಟೇಪು ಹಿಡಿದು ಗೋಡೆ ಅಳೆದು, "ಅವಸರ ಏನಿಲ್ಲ ಅಮ್ಮ" ಅನ್ನುವಳು.

ಈ ಮಂಗಳವಾರವೂ ಸಬಿಹಾ ಗೋಡೆ ದಾಟಲು ಕಾಲೆತ್ತಿದಳು. ಅವರೆಕಾಯಿ ಬಿಡಿಸುತ್ತಿದ್ದ ಚಿಕ್ಕತಾಯಮ್ಮನಿಗೆ ಏನನ್ನಿಸಿತೋ, "ಮೇಡಂ, ಬೇಜಾರ್ ಮಾಡ್ಕಬ್ಯಾಡಿ. ಬಾಗ್ಲಿಂದ ಬರ್ತೀರಾ?" ಅಂದುಬಿಟ್ಟಳು. ತನ್ನನ್ನು ಹುಡುಕಿಕೊಂಡು ಬರುವ ಒಂದೇ ಜೀವ, ಮುನಿಸಿಕೊಂಡು ಹೋದರೆ?

ಬಾಗಿಲೆಂದರೆ ಗೋಡೆಯ ನಡುವಿನ ಮೂರಡಿ ಸಂದು, ಅಷ್ಟೇ. ಸಬಿಹಾ ಕಾಲು ಹಿಂದಕ್ಕೆ ತೆಗೆದುಕೊಂಡಳು. ಸುತ್ತಿ ಬಂದು, ಆ ಸಂದಿನಾಚೆ ನಿಂತು, ಬಗ್ಗಿ ಗೋಡೆಯ ಅಂಚನ್ನು ಎರಡು ಸಲ ತಟ್ಟಿದಳು.

ಸಬಿಹಾ ಎದುರಿಗೇ ಕಾಣುತ್ತಿದ್ದಳು. ಆದರೂ ಚಿಕ್ಕತಾಯಮ್ಮ ಮೊರ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ಹನ್ನೊಂದು ವರ್ಷ ಮುಖಕ್ಕೆ ಟಾರ್ಚು ಬಿಟ್ಟವರೆಲ್ಲ ತನ್ನನ್ನು ಕೇಳಿದ್ದ ಮಾತನ್ನು ಮೊದಲ ಸಲ ತಾನು ಕೇಳಿದಳು.

"ಯಾರದು?"