ಹುಳದ ಕೋಟು

ಸಗಣಿ ಹುಳಗಳು ಕಾಡಿನಿಂದ ಅಳಿದುಹೋದ ಮೇಲೆ ಅವುಗಳ ಕೆಲಸ ಹಾಡಿಯ ಹೆಂಗಸರ ತಲೆಗೆ ಬಂದಿತ್ತು. ಬೆಳಗಾಗುತ್ತಲೇ ಆನೆ ಲದ್ದಿ ಹುಡುಕಬೇಕು, ಬಿಸಿಲೇರುವ ಮೊದಲು ಉಂಡೆ ಕಟ್ಟಿ, ಅದರೊಳಗಿನ ಬೀಜದ ಸಮೇತ ಹೂಳಬೇಕು. ತಡವಾದರೆ ಇಲಿಗಳು ಬೀಜ ತಿಂದು ಮುಗಿಸುತ್ತವೆ, ಮುಂದಿನ ಮಳೆಗೆ ಒಂದು ಸಸಿಯೂ ಏಳುವುದಿಲ್ಲ. ಬೊಮ್ಮಿಗೆ ಇದೆಲ್ಲ ರೂಢಿಯಾಗಿಹೋಗಿತ್ತು.

ಆವತ್ತು ಅವಳು ಗುಂಡಿ ತೋಡಿ ಮುಗಿಸುವಷ್ಟರಲ್ಲಿ ಸೂಪರ್‌ವೈಸರ್ ಶಿವಲಿಂಗ ಬಂದು ಮಿರಮಿರ ಮಿಂಚುವ ಕಪ್ಪು ಕೋಟೊಂದನ್ನು ಚಾಚಿದ. ಅವನ ಹಿಂದೆ ಜೀಪಿನ ತುಂಬ ಪ್ರವಾಸಿಗರು.

“ಬೊಮ್ಮಕ್ಕ, ಇದನ್ನ ಹಾಕ್ಕೊಂಡು, ಕೈ ನೆಲಕ್ಕೂರಿ, ಉಂಡೆನ ಕಾಲಲ್ಲಿ ತಳ್ಳಬೇಕಂತೆ. ಹುಳ ತಳ್ತಿತ್ತಲ್ಲ, ಹಂಗೇ. ನೋಡಕ್ಕಂತ್ಲೇ ಬಂದವ್ರೆ.”

ಬೊಮ್ಮಿಗೆ ಮೈಯೆಲ್ಲ ಉರಿದುಹೋಯಿತು. ಲದ್ದಿ ಬಾಚುವುದಕ್ಕೆ ಅವಳು ಎಂದೂ ನಾಚಿದವಳಲ್ಲ. ಅದು ಕಾಡಿನ ಕೆಲಸ. ಇದು ಯಾರ ಕೆಲಸ?

“ಹುಳ ಇದ್ದಾಗ ಇವೇ ಜೀಪುಗಳು ಅವನ್ನ ಚಕ್ರದಡಿ ಅರ್ಕೊಂಡು ಓಡಾಡ್ತಿದ್ವು, ಶಿವಲಿಂಗಣ್ಣ,” ಎಂದಳು, ಜೀಪಿನವರಿಗೂ ಕೇಳುವ ಹಾಗೆ. “ಆಗ ಒಬ್ರಾದ್ರೂ ಇಳಿದು ನೋಡಿದ್ರಾ?”

ಬೊಮ್ಮಿ ಕೋಟನ್ನು ಕಿತ್ತುಕೊಂಡು ಗುಂಡಿಗೆ ಎಸೆದಳು, ಮಣ್ಣೆಳೆದು ಮುಚ್ಚಿ, ಮೇಲೆ ನಿಂತು ತುಳಿದಳು. ಆಮೇಲೆ ಲದ್ದಿಗೆಂದು ಬೇರೆ ಗುಂಡಿ ತೋಡಲು ಕೂತಳು.

ಜೀಪಿನಿಂದ ಜೋರು ಚಪ್ಪಾಳೆ ಬಿತ್ತು.

“ಇನ್ನೊಂದ್ಸಲ ಮಾಡಮ್ಮ,” ಎಂದು ಯಾರೋ ಫೋನು ಎತ್ತಿ ಹಿಡಿದು ಕೂಗಿದರು. “ವಿಡಿಯೊ ಸರಿಯಾಗಿ ಬರಲಿಲ್ಲ.”