ಗಿರಿಯಪ್ಪನ ಮಗಳ ಡ್ರಮ್ಸ್

ಕಾರ್ಯಕ್ರಮ ಶುರುವಾಗಲು ಹತ್ತು ನಿಮಿಷವಿತ್ತು. ಕಡೂರಿನ ಕಾಲೇಜು ಮೈದಾನದಲ್ಲಿ, ವೇದಿಕೆಯ ಹಿಂದೆ ಯಶೋಧರಾ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾಗ ಅವಳ ಅಪ್ಪ ಗಿರಿಯಪ್ಪ ಎದುರಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ.

"ನೀನು ಬರ್ತೀಯ ಅಂತ ಅನ್ಕೊಂಡಿರ್ಲಿಲ್ಲ ಅಪ್ಪ."

"ಅಜ್ಜಂಪುರದಿಂದ ಬಸ್ಸು ಖಾಲಿ ಹೊಂಟಿತ್ತು. ಹತ್ಕೊಂಡೆ."

"ಸದ್ದು ಜಾಸ್ತಿ ಇರುತ್ತೆ. ಕಿವಿಗೆ ಹತ್ತಿ ಕೊಡ್ಲಾ?"

"ಮೂವತ್ತು ವರ್ಷ ರೈಲ್ವೆ ಗ್ಯಾಂಗಲ್ಲಿ ದುಡಿದೋನು ಕಣವ್ವ ನಾನು. ನೀನು ಹೋಗು."

ಹನ್ನೊಂದು ವರ್ಷದಿಂದ ಅವಳು ರಾಕ್ ಬ್ಯಾಂಡೊಂದರ ಡ್ರಮ್ಮರ್. ಪುಣೆ, ಗೋವಾ, ಶಿಲ್ಲಾಂಗ್‌ಗಳಲ್ಲಿ ಬಾರಿಸಿ ಬಂದಿದ್ದಳು. ಅಪ್ಪ ಒಮ್ಮೆಯೂ ಬಂದು ಕೇಳಿರಲಿಲ್ಲ. ಗಿರಿಯಪ್ಪನ ಅಪ್ಪ ಊರವರ ಮದುವೆಗೂ ಸಾವಿಗೂ ಕರೆದಾಗಲೆಲ್ಲ ತಮಟೆ ಹಿಡಿದು ಹೋಗಬೇಕಿತ್ತು. ಮನೆಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಗಿರಿಯಪ್ಪ ಹಟ ಹಿಡಿದು ಅದನ್ನು ಬಿಡಿಸಿದ್ದ. ಮಗಳು ಡ್ರಮ್ಸ್ ಕಲಿಯುತ್ತೇನೆ ಎಂದಾಗ, "ಬಾರಿಸೋದು ನಮ್ಮ ಮನೇಲಿ ಮುಗೀತು ಅನ್ಕೊಂಡಿದ್ದೆ," ಎಂದಷ್ಟೇ ಹೇಳಿ ಎದ್ದು ಹೋಗಿದ್ದ.

ಮೊದಲ ಎರಡು ಹಾಡುಗಳಲ್ಲಿ ಅವಳ ಕೈ ಸರಿಯಾಗಿ ಕೂಡಲಿಲ್ಲ. ಎರಡನೇ ಸಾಲಿನ ಕುರ್ಚಿಯಲ್ಲಿ ತಲೆ ತಗ್ಗಿಸಿದ್ದ ಅಪ್ಪನೇ ಕಣ್ಣಿಗೆ ಬೀಳುತ್ತಿದ್ದ. ನಾಲ್ಕನೇ ಹಾಡಿನಲ್ಲಿ ಗಿಟಾರುಗಳು ಸುಮ್ಮನಾಗಿ ಅವಳೊಬ್ಬಳೇ ಬಾರಿಸುವ ಜಾಗ ಬಂತು. ಅತ್ತ ನೋಡುವುದನ್ನೇ ಬಿಟ್ಟಳು. ಎಷ್ಟು ಹೊತ್ತು ಬಾರಿಸಿದಳೋ ಅವಳಿಗೇ ಗೊತ್ತಿಲ್ಲ. ಕೊನೆಯ ಏಟು ಬಿದ್ದ ಮೇಲೆ ತಲೆ ಎತ್ತಿದರೆ ಕುರ್ಚಿಗಳೆಲ್ಲ ಖಾಲಿ; ಜನ ಎದ್ದು ಕೂಗುತ್ತಿದ್ದರು. ಆ ಗದ್ದಲದಲ್ಲಿ ಅಪ್ಪ ಎಲ್ಲೂ ಕಾಣಲಿಲ್ಲ. ಹೊರಟುಹೋಗಿರಬೇಕು ಅಂದುಕೊಂಡಳು.

ಎಲ್ಲ ಮುಗಿಸಿ ಇಳಿದು ಬಂದರೆ ಅವನು ಮೆಟ್ಟಿಲ ಬುಡದಲ್ಲೇ ಇದ್ದ. ಹೆಗಲ ಟವೆಲ್ ತೆಗೆದು ಬೆವರು ಒರೆಸಿಕೊಳ್ಳಲು ಕೊಟ್ಟ.

"ಅಪ್ಪ, ಒಂದು ಮಾತು ಯಾವತ್ತೂ ಹೇಳಿರ್ಲಿಲ್ಲ ನಾನು," ಎಂದಳು ಯಶೋಧರಾ. "ಪಿಯುಸಿಲಿ ಇಲ್ಲಿ ಪ್ರಾಕ್ಟೀಸ್ ಮುಗಿಸಿ ಊರಿಗೆ ಬರೋವಾಗ ದಿನಾ ನೀನು ಬಸ್ ಸ್ಟ್ಯಾಂಡಲ್ಲಿ ಸೈಕಲ್ ತಂದು ಕಾಯ್ತಿದ್ದೆ. ನಿಂಗೆ ಇಷ್ಟ ಇರ್ಲಿಲ್ಲ. ಆದ್ರೂ ಒಂದಿನ ತಪ್ಪಿಸ್ಲಿಲ್ಲ. ಅದಿಲ್ದಿದ್ರೆ ನಾನು ಇಲ್ಲಿಗೆ ಬರ್ತಿರ್ಲಿಲ್ಲ."

ಗಿರಿಯಪ್ಪ ಅವಳ ಬಲಗೈಯನ್ನು ಹಿಡಿದು ಅಂಗೈ ಮೇಲೆ ಮಾಡಿದ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಒಡೆದಿತ್ತು.

"ನಿಮ್ಮಜ್ಜಂಗೂ ಇಲ್ಲೇ ಏಳ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚು," ಎಂದ. ಕೈ ಬಿಡಲಿಲ್ಲ.

"ಅವನು ಬಾರಿಸ್ವಾಗ ಊರೋರೆಲ್ಲ ಕೂತಿರೋರು, ಅವನು ನಿಂತಿರ್ತಿದ್ದ. ಇವತ್ತು ನೀನು ಕೂತಿದ್ದೆ ಕಣವ್ವ. ಊರೇ ಎದ್ದು ನಿಂತಿತ್ತು."