ಮದುಮಗನ ವಿಂಪೆಲ್

ಮೊರಿಟ್ಸ್ ಯೆಹೂದಿ ಪ್ರಾರ್ಥನಾ ಮಂದಿರದ ಕಪಾಟಿಗೆ ಕೈ ಹಾಕಿದ್ದು ಕದಿಯಲಿಕ್ಕೇ. ಕದಿಯಬೇಕಾಗಿದ್ದದ್ದು ತನ್ನದೇ ವಿಂಪೆಲ್. ಅದು ಅಲ್ಲಿರಲಿಲ್ಲ.

ಸುನ್ನತಿಯ ದಿನ ಅವನನ್ನು ಸುತ್ತಿದ್ದ ಬಟ್ಟೆ ಅದು. ತಾಯಿ ಅದನ್ನು ಸೀಳಿ, ಉದ್ದಕ್ಕೆ ಜೋಡಿಸಿ, ಮಗನ ಹೆಸರನ್ನೂ ಹುಟ್ಟಿದ ವರ್ಷವನ್ನೂ ಕಸೂತಿಯಲ್ಲಿ ಬರೆದಿದ್ದಳು. ಜರ್ಮನಿಯಿಂದ ನ್ಯೂಯಾರ್ಕಿಗೆ ಓಡಿ ಬರುವಾಗ ಮೊರಿಟ್ಸ್ ಮನೆಯ ಬೆಳ್ಳಿಯನ್ನೆಲ್ಲ ಬಿಟ್ಟ, ಇದನ್ನು ಬಿಡಲಿಲ್ಲ; ತಂದು ಈ ಮಂದಿರದ ಕಪಾಟಿನಲ್ಲಿಟ್ಟಿದ್ದ. ಈಗ ಮದುವೆ ಗೊತ್ತಾಗಿತ್ತು. ಮದುವೆಯ ಮುಂಚಿನ ಶನಿವಾರ ಧರ್ಮಗ್ರಂಥವಾದ ತೋರಾದ ಸುರುಳಿಗೆ ವರನ ವಿಂಪೆಲ್ಲನ್ನೇ ಕಟ್ಟಬೇಕು. ಕಟ್ಟುವ ಮುನ್ನ ಅದನ್ನು ಬಿಚ್ಚಿ, ಎಲ್ಲರಿಗೂ ಕೇಳುವಂತೆ ಓದುವುದು ಈ ಮಂದಿರದ ರೂಢಿ.

ಮೊರಿಟ್ಸನಿಗೆ ಅರವತ್ತಾರು. ವಧು ಬಬೆಟ್‌ಗೆ ಹೇಳಿದ್ದು ಐವತ್ತೆಂಟು. ತನಗಿನ್ನೂ ಐವತ್ತೈದು, ಇನ್ನೊಬ್ಬ ಮುದುಕನ ಸೇವೆ ತನ್ನಿಂದಾಗದು ಎಂದು ಆ ವಿಧವೆ ಮೊದಲೇ ಸಾರಿದ್ದಳು.

"ವಿಂಪೆಲ್ ಹುಡುಕ್ತಿದ್ದೀರಾ? ಬಬೆಟ್ ಅಮ್ಮ ತಗೊಂಡ್ ಹೋದ್ರು. ಇಲ್ಲಿ ಹರಿದಿದ್ದನ್ನೆಲ್ಲ ಹೊಲಿಯೋದು ಅವರೇ ತಾನೆ" ಎಂದ ಮಂದಿರದ ಕಾವಲುಗಾರ.

ಮೊರಿಟ್ಸ್ ಬಬೆಟ್ಟಳ ಮನೆಗೆ ಓಡಿದ. ಅವಳು ನೀಲಿ ದಾರವನ್ನು ಚಹಾದಲ್ಲಿ ನೆನೆಹಾಕಿ ಕೂತಿದ್ದಳು.

"ಹೊಸ ದಾರ ಹಳೇ ಬಟ್ಟೇಲಿ ಎದ್ದು ಕಾಣತ್ತೆ ನೋಡಿ. ನಿಮ್ಮ ವಿಂಪೆಲ್ಲನ್ನ ಒಂದ್ಕಡೆ ಹುಳ ತಿಂದಿದೆ ರೀ."

"ಕೊಡಿ, ನಾನೇ ಎಲ್ಲಾದ್ರೂ ಹೊಲಿಸ್ಕೊಂಡು ಬರ್ತೀನಿ."

"ಮದುವೆಗೆ ಮುಂಚೇನೇ ನನ್ನ ಕೆಲಸದ ಮೇಲೆ ಅನುಮಾನಾನಾ? ಸುಮ್ನೆ ಕೂತ್ಕೊಂಡು ಕೇಕ್ ತಿನ್ನಿ."

ಕೇಕ್ ತಿನ್ನುತ್ತ ಊರಿನ ಮಾತು ಬಂತು. ಇಬ್ಬರೂ ಒಂದೇ ರೈಲು ಹಾದಿಯ ಅಕ್ಕಪಕ್ಕದ ಊರಿನವರು. ಮೊದಲ ರೈಲು ಬಂದ ದಿನ ಹೂ ಹಿಡಿದು ನಿಂತಿದ್ದನ್ನು ಬಬೆಟ್ ನೆನೆದು ನಕ್ಕಳು. ಅದೇ ರೈಲನ್ನು ತಾನು ಅಮ್ಮನ ಕಂಕುಳಲ್ಲಿ ಕೂತು ನೋಡಿದ್ದೆ ಎನ್ನಲು ಹೊರಟ ಮೊರಿಟ್ಸ್ ನಾಲಿಗೆ ಕಚ್ಚಿಕೊಂಡ. ಐವತ್ತೆಂಟರ ಲೆಕ್ಕದಲ್ಲಿ ಆಗ ಅವನಿನ್ನೂ ಹುಟ್ಟಿರಲೇ ಇಲ್ಲ. ಆ ಮಾತನ್ನು ಕೇಕಿನ ಜೊತೆ ನುಂಗಿದ.

ಶನಿವಾರ ಬಂತು. ಮಹಡಿಯ ಮೇಲೆ ಹೆಂಗಸರ ನಡುವೆ ಬಬೆಟ್ ಕೂತಿದ್ದಳು. ಕೆಳಗೆ ಹಿರಿಯರೊಬ್ಬರು ವಿಂಪೆಲ್ ಬಿಚ್ಚಿದರು. ಈ ಮದುವೆ ಮುರಿದೇ ಹೋಯಿತೆಂದು ಮೊರಿಟ್ಸ್ ಕಣ್ಣು ಮುಚ್ಚಿಕೊಂಡ. ಅವರು ಹೆಸರು ಓದಿದರು. ವರ್ಷ ಓದಿದರು. ಅದು ಐವತ್ತೆಂಟಕ್ಕೆ ಸರಿಹೊಂದುವ ವರ್ಷವಾಗಿತ್ತು.

ಮೊರಿಟ್ಸ್ ಬಗ್ಗಿ ನೋಡಿದ. ಅಮ್ಮನ ಕಸೂತಿ ಇದ್ದಂತೆಯೇ ಇತ್ತು. ವರ್ಷವೊಂದೇ ಚಹಾದಲ್ಲಿ ನೆಂದ ನೀಲಿ.

"ನಿಮಗೆ ಸಿಟ್ಟು ಬರ್ಲಿಲ್ವಾ?" ಎಂದು ಹೊರಗೆ ಮೆಟ್ಟಿಲ ಮೇಲೆ ಮೆಲ್ಲಗೆ ಕೇಳಿದ.

"ನಿಮ್ಮ ವಯಸ್ಸಿನ ಮಾತೆದ್ರೆ ನನ್ನದೂ ಏಳತ್ತಲ್ಲ ರೀ" ಎಂದು ಬಬೆಟ್ ಅವನ ಕೈ ಹಿಡಿದು ಇಳಿದಳು. "ಹೆಣ್ಣು ಹುಟ್ಟಿದ್ರೆ ವಿಂಪೆಲ್ ಹೊಲಿಯಲ್ಲ. ನನ್ನ ಪುಣ್ಯ."

ಮೊರಿಟ್ಸನಿಗೆ ಆಗ ಆ ರೈಲು ನೆನಪಾಯಿತು: ಅವನಿನ್ನೂ ಕಂಕುಳಲ್ಲಿದ್ದಾಗ ಅವಳು ಹೂ ಹಿಡಿದು ನಿಂತಿದ್ದಳು.